ಬಸುರಿಯ ತಟ್ಟೆಯ ಲೆಕ್ಕ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಎರಡು ಲೆಕ್ಕಗಳು ಎದುರುಬದುರಾಗುತ್ತವೆ. ಒಂದು ಅಂಗನವಾಡಿಯ ಒಲೆಯ ಮೇಲಿನ ಲೆಕ್ಕ. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ ಸೇರಿ ಒಬ್ಬ ಬಸುರಿಯ ಒಂದು ಊಟಕ್ಕೆ 21 ರೂಪಾಯಿ. ಇನ್ನೊಂದು ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಿರುವ ಐದು ತಿಂಗಳ ಬಸುರಿಯ ಲೆಕ್ಕ. ಈಗ ಎದ್ದು ಊಟಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಸರ್ಕಾರದ ಕಡತದಲ್ಲಿ ಮೊದಲನೆಯ ಲೆಕ್ಕ ಮಾತ್ರ ಇರುತ್ತದೆ. ಆದರೆ ಊಟ ಹೊಟ್ಟೆ ಸೇರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಎರಡನೆಯದು.

ಬಸುರಿ, ಬಾಣಂತಿಯರ ಪೌಷ್ಟಿಕ ಆಹಾರಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತದೆ, ಅದನ್ನು ಯಾರು ಭರಿಸುತ್ತಾರೆ, ತಾಯಿಗೆ ಏನೇನು ಸಿಗಬೇಕು, ಅದು ತಪ್ಪದೆ ಸಿಗಬೇಕಾದರೆ ಮನೆಯವರು ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ದೇಹ ಕೇಳುವುದು ಎಷ್ಟು?

ಬಸುರಿಯಾದವಳು ಇಬ್ಬರ ಊಟ ಮಾಡಬೇಕು ಎಂಬ ಮಾತಿದೆ. ಅಷ್ಟು ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನಂತೆ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದ ಶಕ್ತಿ 350 ಕಿಲೊಕ್ಯಾಲರಿ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ ಹೆಚ್ಚಿಗೆ ತಿಂದರೆ ಅದರ ಬಹುಪಾಲು ಸಿಕ್ಕಿತು. ಇದು ದುಬಾರಿಯಲ್ಲ.

ದುಬಾರಿ ಇರುವುದು ಪ್ರೋಟೀನಿನಲ್ಲಿ. ನಾಲ್ಕರಿಂದ ಆರನೇ ತಿಂಗಳವರೆಗೆ ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳು 22 ಗ್ರಾಂ ಪ್ರೋಟೀನು ಮಾಮೂಲಿ ಊಟಕ್ಕಿಂತ ಹೆಚ್ಚಿಗೆ ಬೇಕು. ಕ್ಯಾಲ್ಸಿಯಂ ದಿನಕ್ಕೆ 1,000 ಮಿಲಿಗ್ರಾಂ ಬೇಕು. ಮಗುವಿಗೂ ಸೇರಿ ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ. 40ಕ್ಕೂ ಹೆಚ್ಚು ಏರುವುದರಿಂದ ಕಬ್ಬಿಣಾಂಶ, ಫೋಲಿಕ್ ಆಮ್ಲ ಬೇಕೇ ಬೇಕು. ಹೊಟ್ಟೆ ತುಂಬುವುದು ಅಗ್ಗ, ಮೈ ತುಂಬುವುದಕ್ಕೆ ಖರ್ಚಿದೆ. ಸರ್ಕಾರದ ಹಣ ಬರಬೇಕಾಗಿರುವುದು ಈ ಎರಡನೆಯ ಜಾಗಕ್ಕೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. 200 ಮಿಲಿಲೀಟರ್ ಹಾಲಿನಲ್ಲಿ ಇನ್ನೊಂದು 6 ಗ್ರಾಂ. ಸಾರಿಗೆ ಬಿದ್ದ ಒಂದು ಹಿಡಿ ಬೇಳೆಯಲ್ಲಿ ಆರೇಳು ಗ್ರಾಂ. ಇದರ ಜೊತೆ ಕಡಲೆಕಾಯಿ ಚಿಕ್ಕಿ ಸೇರಿದರೆ ಕೊನೆಯ ಮೂರು ತಿಂಗಳಿಗೆ ಬೇಕಾದ ಹೆಚ್ಚುವರಿ 22 ಗ್ರಾಮಿನ ಹತ್ತಿರಕ್ಕೆ ಬಂದಂತಾಯಿತು. ಅಂಗನವಾಡಿಯ ತಟ್ಟೆಯಲ್ಲಿ ಮೊಟ್ಟೆ, ಹಾಲು, ಬೇಳೆ, ಚಿಕ್ಕಿ ಇರುವುದಕ್ಕೆ ಕಾರಣ ಇದೇ. ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ತಟ್ಟೆ ತುಂಬಿರುತ್ತದೆ, ಲೆಕ್ಕ ತುಂಬುವುದಿಲ್ಲ.

21 ರೂಪಾಯಿ ಎಲ್ಲಿಂದ ಬಂತು?

ಈ ಕಥೆ ನಮ್ಮ ಪಕ್ಕದಲ್ಲೇ ಶುರುವಾಗುತ್ತದೆ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದ ತಾಲ್ಲೂಕು ತಿ. ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ಚಾಮರಾಜನಗರ ಆಗ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಬಸುರಿ, ಬಾಣಂತಿಯರಿಗೆ ಬಹುಕಾಲ ಮನೆಗೆ ಒಯ್ಯುವ ಧಾನ್ಯ, ಬೇಳೆ, ಪುಡಿಯನ್ನು ಕೊಡುತ್ತಿದ್ದರು. ಅದು ಮನೆಯ ಪಾತ್ರೆಗೆ ಬಿದ್ದ ಮೇಲೆ ಎಲ್ಲರ ಊಟವಾಗುತ್ತಿತ್ತು. ಕೊನೆಗೆ ಉಣ್ಣುವವಳು ಸೊಸೆಯೇ ಆದದ್ದರಿಂದ ಅವಳ ಪಾಲಿಗೆ ಉಳಿಯುತ್ತಿದ್ದದ್ದು ಕಡಿಮೆ. ಬೇಯಿಸಿದ ಊಟವನ್ನು ಅಂಗನವಾಡಿಯಲ್ಲೇ ಬಡಿಸಬೇಕು ಎಂಬ ಯೋಚನೆ ಹುಟ್ಟಿದ್ದು ಇದರಿಂದ. ಆಂಧ್ರಪ್ರದೇಶದಲ್ಲಿ ‘ಅನ್ನ ಅಮೃತ ಹಸ್ತಂ’, ತೆಲಂಗಾಣದಲ್ಲಿ ‘ಆರೋಗ್ಯ ಲಕ್ಷ್ಮಿ’ ಈ ದಾರಿಯನ್ನು ಮೊದಲು ತುಳಿದವು. ಕರ್ನಾಟಕ 2017ರಲ್ಲಿ ಎಚ್.ಡಿ. ಕೋಟೆ, ಮಧುಗಿರಿ, ಮಾನ್ವಿ, ಜಮಖಂಡಿ ತಾಲ್ಲೂಕುಗಳಲ್ಲಿ ಪ್ರಯೋಗ ನಡೆಸಿ, ಅದೇ ವರ್ಷದ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ಯೋಜನೆಯನ್ನು ರಾಜ್ಯಕ್ಕೆಲ್ಲ ವಿಸ್ತರಿಸಿತು. ತಿಂಗಳಿಗೆ 25 ದಿನ, ದಿನಕ್ಕೊಂದು ಪೂರ್ತಿ ಊಟ. ತಾಯಿಗೆ ದಿನಕ್ಕೆ ಬೇಕಾದ ಶಕ್ತಿ, ಪ್ರೋಟೀನು, ಕ್ಯಾಲ್ಸಿಯಂಗಳಲ್ಲಿ ಶೇ. 40ರಿಂದ 45ರಷ್ಟು ಈ ಒಂದೇ ಊಟದಲ್ಲಿ ಸಿಗಬೇಕು ಎಂಬುದು ಗುರಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು.

ಆಗ ನಿಗದಿಯಾದ ದರ ಊಟಕ್ಕೆ 21 ರೂಪಾಯಿ. ಇದರಲ್ಲಿ ಕೇಂದ್ರದ ಪಾಲು ಎಷ್ಟು? ಬಸುರಿ, ಬಾಣಂತಿಯರ ಪೂರಕ ಪೌಷ್ಟಿಕ ಆಹಾರಕ್ಕೆ ಅದೇ 2017ರಲ್ಲಿ ಕೇಂದ್ರ ಒಪ್ಪಿಕೊಂಡ ದರ ದಿನಕ್ಕೆ 9 ರೂಪಾಯಿ 50 ಪೈಸೆ. ಅದಕ್ಕೂ ಮೊದಲು ಅದು 7 ರೂಪಾಯಿ ಇತ್ತು. ಈ 9.50ನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಂಚಿಕೊಳ್ಳಬೇಕು. ಅಂದರೆ ಕೇಂದ್ರದ್ದು 4 ರೂಪಾಯಿ 75 ಪೈಸೆ. 21 ರೂಪಾಯಿಯಲ್ಲಿ ಇದನ್ನು ಕಳೆದರೆ ಉಳಿದ 16 ರೂಪಾಯಿ 25 ಪೈಸೆ ರಾಜ್ಯದ ಹೆಗಲಿಗೆ.

9.50ರ ದರದಲ್ಲಿ 600 ಕಿಲೊಕ್ಯಾಲರಿ, 18ರಿಂದ 20 ಗ್ರಾಂ ಪ್ರೋಟೀನು ಕೊಡಬೇಕೆಂದು ಆಗಿನ ನಿಯಮ ಹೇಳುತ್ತಿತ್ತು. ಅಂಗಡಿಯಲ್ಲಿ ಒಂದು ಮೊಟ್ಟೆ ಆರೇಳು ರೂಪಾಯಿ ಇರುವಾಗ ಉಳಿದ ಎರಡು ಮೂರು ರೂಪಾಯಿಯಲ್ಲಿ ಅನ್ನ, ಬೇಳೆ, ಎಣ್ಣೆ, ತರಕಾರಿ, ಹಾಲು ಹೊಂದಿಸಿ ನೋಡಿ. ಹೊಂದುವುದಿಲ್ಲ. ರಾಜ್ಯ ತನ್ನ ಕೈಯಿಂದ ಹಾಕದಿದ್ದರೆ ತಟ್ಟೆಯಲ್ಲಿ ಮೊದಲು ಮಾಯವಾಗುವುದು ಮೊಟ್ಟೆ, ಆಮೇಲೆ ಹಾಲು.

ಇದು ದಾನವಲ್ಲ ಎಂಬುದನ್ನೂ ನೆನಪಿಡಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಸಿರಿನ ಅವಧಿಯಲ್ಲಿ ಮತ್ತು ಹೆರಿಗೆಯಾದ ಆರು ತಿಂಗಳವರೆಗೆ ಅಂಗನವಾಡಿಯ ಉಚಿತ ಊಟ ಪ್ರತಿ ತಾಯಿಯ ಹಕ್ಕು.

ಒಬ್ಬ ತಾಯಿಗೆ, ಒಂದು ಊರಿಗೆ

ಮೂರು ತಿಂಗಳು ತುಂಬಿದಾಗ ಹೆಸರು ಬರೆಸಿದ ತಾಯಿಯನ್ನು ತೆಗೆದುಕೊಳ್ಳಿ. ಹೆರಿಗೆಗೆ ಮುಂಚೆ ಆರು ತಿಂಗಳು, ಹೆರಿಗೆಯ ನಂತರ ಆರು ತಿಂಗಳು. ತಿಂಗಳಿಗೆ 25ರಂತೆ 300 ಊಟ. 21 ರೂಪಾಯಿಯ ದರದಲ್ಲಿ ಒಟ್ಟು 6,300 ರೂಪಾಯಿ. ಒಂದು ಜೀವವನ್ನು ಹೊತ್ತು, ಹೆತ್ತು, ಹಾಲೂಡಿಸುವ ಇಡೀ ವರ್ಷಕ್ಕೆ ಇಷ್ಟು.

ಬಸುರಿ, ಬಾಣಂತಿಯರು ಸೇರಿ ಹತ್ತು ಮಂದಿ ಇರುವ ಅಂಗನವಾಡಿಗೆ ತಿಂಗಳಿಗೆ 5,250 ರೂಪಾಯಿ, ವರ್ಷಕ್ಕೆ 63,000 ರೂಪಾಯಿ. ಒಂದು ಊರು ತನ್ನ ಮುಂದಿನ ತಲೆಮಾರಿಗೆ ಇಡುವ ಬುನಾದಿ ಇದು. ಈ ಬೆಲೆಗೆ ಬೇರೆ ಯಾವ ಬುನಾದಿಯೂ ಎದ್ದದ್ದಿಲ್ಲ.

ಆದರೆ ಈ ಲೆಕ್ಕ ಹತ್ತಕ್ಕೆ ಹತ್ತೂ ಜನ ಬಂದು ಉಂಡರೆ ಮಾತ್ರ ಸರಿ. ನಾಲ್ಕೇ ಜನ ಬಂದರೂ ಒಲೆ ಹೊತ್ತಿಸಲೇಬೇಕು, ಆಯಮ್ಮ ಪಾತ್ರೆ ತೊಳೆಯಲೇಬೇಕು, ಟೀಚರು ಹಾಜರಿ ಹಾಕಲೇಬೇಕು. ಜನ ಕಡಿಮೆಯಾದಷ್ಟೂ ಪ್ರತಿ ತಟ್ಟೆಯ ನಿಜವಾದ ಖರ್ಚು ಏರುತ್ತದೆ. ತಾಯಿ ತಿನ್ನದೆ ಉಳಿದ ಊಟವೇ ಎಲ್ಲಕ್ಕಿಂತ ದುಬಾರಿಯಾದ ಊಟ.

ಕಡತಕ್ಕೆ ಬರದ ಖರ್ಚುಗಳು

21 ರೂಪಾಯಿಯೊಳಗೆ ಸೇರದ ಖರ್ಚುಗಳು ಹಲವು. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯ ಗೌರವಧನದ ಲೆಕ್ಕ ಬೇರೆ. 2018ರ ಅಕ್ಟೋಬರಿನಿಂದ ಕೇಂದ್ರ ನಿಗದಿ ಮಾಡಿದ ಮೊತ್ತ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಮಕ್ಕಳಿಗೆ ಪಾಠ, ಅಡುಗೆ, ತೂಕ, ಸಮೀಕ್ಷೆ, 2021ರಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್ ದಾಖಲೆ, ಇಷ್ಟನ್ನೂ ಈ ಇಬ್ಬರೇ ಹೆಂಗಸರು ಮಾಡಬೇಕು. ಮೊಟ್ಟೆಯ ಬೆಲೆ ವಾರಕ್ಕೊಮ್ಮೆ ಬದಲಾಗುತ್ತದೆ, ಸರ್ಕಾರಿ ದರ ವರ್ಷಗಟ್ಟಲೆ ಕದಲುವುದಿಲ್ಲ. ನಡುವಿನ ಅಂತರವನ್ನು ಊರಿನ ಅಂಗಡಿಯ ಸಾಲದ ಪುಸ್ತಕದಲ್ಲಿ ಹೊತ್ತುಕೊಂಡವರು ಈ ಹೆಂಗಸರು.

ತಾಯಿಯ ಕಡೆಯ ಖರ್ಚು ಇನ್ನೂ ದೊಡ್ಡದು. 2025–26ರಲ್ಲಿ ಕರ್ನಾಟಕಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಹೊಲದ ಕೂಲಿಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳೋಣ. ಹೊಲದಿಂದ ಅಂಗನವಾಡಿಗೆ ನಡೆದು, ಉಂಡು, ವಾಪಸು ಬರುವಷ್ಟರಲ್ಲಿ ಮಾಲೀಕ ಅರ್ಧ ದಿನ ಹಿಡಿದುಕೊಂಡರೆ 185 ರೂಪಾಯಿ ಹೋಯಿತು. 21 ರೂಪಾಯಿಯ ಊಟಕ್ಕೆ 185 ರೂಪಾಯಿ ಕೊಟ್ಟು ಯಾವ ಬಡವಳು ಹೋಗುತ್ತಾಳೆ? ‘ಅವರಿಗೆ ಅರಿವಿಲ್ಲ, ಅದಕ್ಕೇ ಬರುವುದಿಲ್ಲ’ ಎಂದು ಸಭೆಗಳಲ್ಲಿ ಹೇಳುವುದು ಸುಲಭ. ಅವಳ ಅರಿವಿನಲ್ಲಿ ಕೊರತೆಯಿಲ್ಲ. ಅವಳು ಹಾಕಿದ ಲೆಕ್ಕ ಸರಿಯಾಗಿಯೇ ಇದೆ.

ದಾರಿಯದು ಇನ್ನೊಂದು ಕಷ್ಟ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಅಂಚಿನ ಹಾಡಿಗಳಲ್ಲಿ ತುಂಬು ಬಸುರಿ ಆನೆ ತಿರುಗುವ ದಾರಿಯಲ್ಲಿ ನಡೆದು ಬರಬೇಕೆಂದರೆ ಅದನ್ನು ಉಚಿತ ಊಟ ಎನ್ನಲಾಗದು. ಸಣ್ಣ ಜನವಸತಿಗೂ ಮಿನಿ ಅಂಗನವಾಡಿ ಬೇಕು ಎಂಬ ನಿಯಮ ಬಂದದ್ದು ಇಂಥ ಜಾಗಗಳಿಗಾಗಿಯೇ. ಕಾಡಿನಂಚಿನ ಬುಡಕಟ್ಟು ಕುಟುಂಬಗಳಿಗೆ ರಾಜ್ಯದ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಿಂದ ಧಾನ್ಯ, ಬೇಳೆಕಾಳು, ಮೊಟ್ಟೆ, ಎಣ್ಣೆ, ಬೆಲ್ಲ, ತುಪ್ಪದ ಪ್ರತ್ಯೇಕ ಪೌಷ್ಟಿಕ ಆಹಾರದ ಹಂಚಿಕೆಯೂ ಇದೆ. ಅದು ಅಂಗನವಾಡಿ ಊಟದ ಬದಲಿಗಲ್ಲ, ಅದರ ಜೊತೆಗೆ.

ಮೂರನೆಯದು ಬಾಣಂತನ. ಹೆರಿಗೆಯಾದವಳು ಹಲವು ವಾರ ಹೊಸ್ತಿಲು ದಾಟುವುದಿಲ್ಲ. ಹಾಲೂಡಿಸುವ ಆ ತಿಂಗಳುಗಳಲ್ಲಿ ದೇಹಕ್ಕೆ ಬಸಿರಿಗಿಂತ ಹೆಚ್ಚು ಆಹಾರ ಬೇಕು. ಆದರೆ ಅದೇ ಹೊತ್ತಿನಲ್ಲಿ ಪಥ್ಯದ ಹೆಸರಿನಲ್ಲಿ ಸೊಪ್ಪು, ಕಾಳು, ಹಣ್ಣು ತಟ್ಟೆಯಿಂದ ದೂರವಾಗುತ್ತವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಹೆಸರು ಗಂಡನ ಊರಿನ ಅಂಗನವಾಡಿಯಲ್ಲೇ ಉಳಿದು, ಎರಡೂ ಕಡೆ ಊಟ ತಪ್ಪುವುದುಂಟು.

ನಾಲ್ಕನೆಯದನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತೇವೆ. ಅಡುಗೆ ಮಾಡಿದವರ, ಪಕ್ಕದಲ್ಲಿ ಕೂತವರ ಜಾತಿ ನೋಡಿ ಅಂಗನವಾಡಿಯ ಊಟ ಬಿಡುವ ಮನೆಗಳಿವೆ. ಆ ಮನೆಯ ಹಟಕ್ಕೆ ಬೆಲೆ ತೆರುವುದು ಇನ್ನೂ ಹುಟ್ಟದ ಕೂಸು.

ಮಾತ್ರೆಯ ಲೆಕ್ಕ

ಊಟ ಎಷ್ಟೇ ಚೆನ್ನಾಗಿದ್ದರೂ ಬಸಿರಿನಲ್ಲಿ ಕಬ್ಬಿಣಾಂಶ ಸಾಲುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡಿತ್ತು. ಕರ್ನಾಟಕದಲ್ಲಿ ಹತ್ತಿರಹತ್ತಿರ 46 ಮಂದಿಗೆ. ರಕ್ತ ಕಡಿಮೆಯಿದ್ದರೆ ಹೆರಿಗೆಯ ಹೊತ್ತಿನ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಬರುತ್ತದೆ. ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯವೂ ಏರುತ್ತದೆ.

ಪರಿಹಾರ ಸರ್ಕಾರಿ ಆಸ್ಪತ್ರೆಯಲ್ಲಿ, ಉಪಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಬಿಟ್ಟಿಯಾಗಿ ಸಿಗುವ ಕೆಂಪು ಮಾತ್ರೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಒಟ್ಟು 360 ಮಾತ್ರೆ. ಮೊದಲ ಮೂರು ತಿಂಗಳಿಗೆ ಫೋಲಿಕ್ ಆಮ್ಲದ ಮಾತ್ರೆ ಬೇರೆಯೇ ಇದೆ. 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು. ಮೂರು ತಿಂಗಳು ಕಳೆದ ಮೇಲೆ ಒಮ್ಮೆ ಜಂತುಹುಳುವಿನ ಮಾತ್ರೆ.

ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಬ್ಬಿಣದ ಮಾತ್ರೆಯನ್ನು ಬಸಿರಿನಲ್ಲಿ 180 ದಿನ ನುಂಗಿದ ತಾಯಂದಿರು ನೂರಕ್ಕೆ 26 ಮಾತ್ರ. ಬಿಟ್ಟಿಯಾಗಿ ಸಿಗುವ ಮಾತ್ರೆ ಹೀಗೆ ಡಬ್ಬದಲ್ಲಿ ಉಳಿಯಲು ಕಾರಣ ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುತ್ತದೆಂಬ ದಿಗಿಲು. ಮಲ ಕಪ್ಪಾಗುವುದು ಸಹಜ, ಅಪಾಯವಿಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಮಲಗುವ ಮುಂಚೆ ನುಂಗಿದರೆ ವಾಕರಿಕೆ ಕಡಿಮೆ. ಕಾಫಿ, ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಿಂಬೆರಸ, ನೆಲ್ಲಿಕಾಯಿ ಹತ್ತಿಸುತ್ತವೆ. ಕ್ಯಾಲ್ಸಿಯಂ ಮಾತ್ರೆ ಬೆಳಿಗ್ಗೆ, ಮಧ್ಯಾಹ್ನದ ಊಟದ ಜೊತೆಗಿರಲಿ. ಕಬ್ಬಿಣದ ಮಾತ್ರೆಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಬೇಕು.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ರಿಂದ 11ರ ನಡುವೆ ಇದ್ದವರಿಗೆ ದಿನಕ್ಕೆ ಎರಡು ಮಾತ್ರೆ ಕೊಡುತ್ತಾರೆ. 7ಕ್ಕಿಂತ ಕೆಳಗಿದ್ದರೆ ಮಾತ್ರೆ ನಂಬಿ ಮನೆಯಲ್ಲಿ ಕೂರಬಾರದು, ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ವೈದ್ಯರ ತಪಾಸಣೆ ಇರುತ್ತದೆ.

ಡಬ್ಬದ ಪುಡಿಯೋ, ಮನೆಯ ಸಾರೋ?

ಮನೆಯವರಿಗೆ ಖರ್ಚು ಮಾಡುವ ಆಸೆ ಇದ್ದೇ ಇರುತ್ತದೆ. ಕೆಲವು ನೂರು ರೂಪಾಯಿ ಕೊಟ್ಟು ಮೆಡಿಕಲ್ ಸ್ಟೋರಿನಿಂದ ಪ್ರೋಟೀನ್ ಪುಡಿ ತರುತ್ತಾರೆ. ಪೌಷ್ಟಿಕತೆ ಕಡಿಮೆಯಿರುವ ಜನರಲ್ಲಿ ಶಕ್ತಿ, ಪ್ರೋಟೀನು ಎರಡೂ ಹದವಾಗಿರುವ ಪೂರಕ ಆಹಾರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಅತಿ ಹೆಚ್ಚು ಪ್ರೋಟೀನಿನ ಪೂರಕಗಳನ್ನು ಅದು ಶಿಫಾರಸು ಮಾಡಲಿಲ್ಲ. ವೈದ್ಯರು ಬರೆದುಕೊಡದೆ ಡಬ್ಬ ತರುವ ಅಗತ್ಯವಿಲ್ಲ. ಅದೇ ದುಡ್ಡಿಗೆ ಮೊಟ್ಟೆ ತಂದರೆ ದಿನಕ್ಕೊಂದರಂತೆ ತಿಂಗಳಿಗೆ 30, ಏಳು ರೂಪಾಯಿಯಂತೆ 210 ರೂಪಾಯಿ.

ನಮ್ಮ ಸೀಮೆಯ ಅಡುಗೆಮನೆಗೆ ಈ ಕೆಲಸ ಹೊಸದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹುರುಳಿ ಕಟ್ಟಿನ ಸಾರು, ಬೆರಕೆ ಸೊಪ್ಪಿನ ಉಪ್ಸಾರು, ಕಾಳು ಹಾಕಿದ ಬಸ್ಸಾರು, ಬೇಲಿಯ ನುಗ್ಗೆಸೊಪ್ಪಿನ ಪಲ್ಯ, ಒಂದು ಹಿಡಿ ಹುರಿಗಡಲೆ, ಒಂದು ಏಲಕ್ಕಿ ಬಾಳೆಹಣ್ಣು. ಸೊಸೈಟಿ ಅಕ್ಕಿಯೊಂದನ್ನೇ ನೆಚ್ಚಿ ರಾಗಿ, ಕಾಳು ಬಿಟ್ಟ ಮನೆಯಲ್ಲಿ ಹೊಟ್ಟೆ ತುಂಬಿದರೂ ಕೊರತೆ ಉಳಿಯುತ್ತದೆ. ಬಸ್ಸಾರಿನ ಕಟ್ಟು ಮಾತ್ರ ಕುಡಿದರೆ ಸಾಲದು, ಬಸಿದ ಸೊಪ್ಪು, ಕಾಳನ್ನು ಬಸುರಿಯ ತಟ್ಟೆಗೆ ಮೊದಲು ಬಡಿಸಿ. ‘ಜಾಸ್ತಿ ಉಣ್ಬ್ಯಾಡ ಕನವ್ವ, ಮಗ ದಪ್ಪಾದ್ರ ಹೆರಿಗೆ ಕಷ್ಟ ಆದದು’ ಎಂಬ ಹಿರಿಯರ ಮಾತಿನ ಹಿಂದೆ ಪ್ರೀತಿ, ಭಯ ಎರಡೂ ಇವೆ. ಆಸ್ಪತ್ರೆ ದೂರವಿದ್ದ ಕಾಲದ ಭಯ ಅದು. ಇಂದು ಹೆಚ್ಚು ಭಯಪಡಬೇಕಾದದ್ದು ತೂಕ ಕಡಿಮೆಯಾದ ಮಗುವಿಗೆ.

ಕೈಗೆ ಬರುವ ಹಣ

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ತಾಯಿಯ ಬ್ಯಾಂಕ್ ಖಾತೆಗೇ ಬರುತ್ತದೆ. 2022ರ ಏಪ್ರಿಲ್ ನಂತರದ ನಿಯಮದಂತೆ ಬಸಿರು ನೋಂದಾಯಿಸಿ ತಪಾಸಣೆ ಮಾಡಿಸಿದ ಮೇಲೆ 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳ ನಂತರ 2,000. ಎರಡನೆಯದು ಹೆಣ್ಣು ಮಗುವಾದರೆ 6,000 ರೂಪಾಯಿ. ಕೂಲಿ ತಪ್ಪಿದ ದಿನಗಳಿಗೆ ಆಸರೆಯಾಗಲಿ ಎಂಬುದೇ ಈ ಹಣದ ಉದ್ದೇಶ. ಆದರೆ 370 ರೂಪಾಯಿ ದಿನಗೂಲಿಯ ಲೆಕ್ಕದಲ್ಲಿ 5,000 ಎಂದರೆ ಎರಡು ವಾರದ ಕೂಲಿಗೂ ಕಡಿಮೆ.

ಏನು ಮಾಡಬೇಕು?

ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಮೂರು ತಿಂಗಳೊಳಗೆ ತಾಯಿ ಕಾರ್ಡ್ ಮಾಡಿಸಿ. ಅದೇ ವಾರ ಅಂಗನವಾಡಿಯಲ್ಲೂ ಹೆಸರು ಬರೆಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಕೈಯಲ್ಲಿರಲಿ. ಒಂದು ತಿಂಗಳು ತಡವಾದರೆ 25 ಊಟ ಹೋದಂತೆ.

ತವರಿಗೆ ಹೊರಡುವ ಮುಂಚೆ ಟೀಚರಿಗೆ ಹೇಳಿ ಹೆಸರನ್ನು ಆ ಊರಿನ ಅಂಗನವಾಡಿಗೆ ವರ್ಗಾಯಿಸಿಕೊಳ್ಳಿ. ಪೋಷಣ್ ಟ್ರ್ಯಾಕರಿನಲ್ಲಿ ಅದಕ್ಕೆ ಅವಕಾಶವಿದೆ. ತಾಯಿ ಕಾರ್ಡನ್ನೂ ಉಳಿದ ಮಾತ್ರೆಗಳನ್ನೂ ಜೊತೆಗೊಯ್ಯಿರಿ. ಬಾಣಂತಿ ಹೊರಗೆ ಬರಲಾಗದ ವಾರಗಳಲ್ಲಿ ಊಟ ಅವಳಿಗೆ ಹೇಗೆ ತಲುಪಬೇಕೆಂದು ಹೆರಿಗೆಗೆ ಮೊದಲೇ ಟೀಚರ ಜೊತೆ ಮಾತಾಡಿಕೊಳ್ಳಿ. ಮನೆಗೆ ಬಂದ ಮೊಟ್ಟೆ ಬಾಣಂತಿಯದು, ಮನೆಯ ಮಕ್ಕಳದ್ದಲ್ಲ.

ಊಟದಲ್ಲಿ ಮೊಟ್ಟೆ, ಹಾಲು ಇಲ್ಲದಿದ್ದರೆ ಟೀಚರ ಮೇಲೆ ರೇಗಬೇಡಿ, ಸಾಮಾನು ಬಂದಿದೆಯೇ ಎಂದು ಕೇಳಿ. ಬಂದಿಲ್ಲವಾದರೆ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಎತ್ತಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ.

ಇಷ್ಟೆಲ್ಲ ಆದ ಮೇಲೂ ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಿರುವ ಆ ಐದು ತಿಂಗಳ ಬಸುರಿಯ ಲೆಕ್ಕ ಬಗೆಹರಿದಿಲ್ಲ. ಅಕ್ಕಿ ಬಂದಿದೆ, ಮೊಟ್ಟೆ ಬೆಂದಿದೆ, ಹಾಲು ಕಾದಿದೆ. ಬೆಂಗಳೂರು, ದೆಹಲಿ ಸೇರಿ 21 ರೂಪಾಯಿ ಹೊಂದಿಸಿಯೂ ಆಗಿದೆ. ಉಳಿದಿರುವುದು ಹೊಲಕ್ಕೂ ಅಂಗನವಾಡಿಗೂ ನಡುವಿನ ದಾರಿ, ಒಂದು ಗಂಟೆಯ ಹೊತ್ತು. ಅದಕ್ಕೆ ಯಾವ ಬಜೆಟ್ಟಿನಲ್ಲೂ ಹಣ ಇಟ್ಟಿಲ್ಲ. ಅದನ್ನು ಕೊಡಬಲ್ಲವರು ಊರಿನವರೇ, ಬದುವಿನ ಮೇಲೆ ನಿಂತ ಹೊಲದ ಯಜಮಾನರೇ. ‘ಉಂಡ್ಕಂಡು ಬಾ ಹೋಗವ್ವ, ಕೂಲಿ ಹಿಡಿಯಲ್ಲ’ ಎಂದು ಅವರು ಹೇಳಿದ ದಿನ ಆ ತಟ್ಟೆ ಅವಳ ಮುಂದೆ ಬರುತ್ತದೆ.